ಗೋಡೆಯ ತಲೆಗೂ ಒಂದು ಸಿಂಬೆ

ಮೊಮ್ಮಗನನ್ನು ತೊಟ್ಟಿಲಿಗೆ ಹಾಕಲು ಮೂರೇ ದಿನ ಉಳಿದಿತ್ತು. ತೊಟ್ಟಿಲಿನ ಹಗ್ಗ ಬಿಗಿಯಲು ಏಣಿ ಹತ್ತಿದ ಬೂದಿಕೋಟೆಯ ವೆಂಕಟರತ್ನಮ್ಮ ಹಗ್ಗ ಬಿಟ್ಟು ಗಂಡನನ್ನು ಕೂಗಿದಳು. ಹೊಸ ಕೋಣೆಯ ಕಬ್ಬಿಣದ ತೊಲೆ ಗೋಡೆಯ ಮೇಲೆ ಕೂತ ಕಡೆ ಇಟ್ಟಿಗೆ ಪುಡಿಯಾಗಿ, ಬಿರುಕು ಕೆಳಗಿಳಿದಿತ್ತು.

"ಗಾರೆ ಒಣಗಿದ್ರೆ ಅಂಗೇ ಆಗ್ತದೆ ಕಣೇ," ಎಂದ ಗಂಡ ಮುನಿಸ್ವಾಮಪ್ಪ. "ರೈಲು ಕಂಬಿ ಅದು. ಆನೆ ನೇತಾಕಿದ್ರೂ ಬಗ್ಗಲ್ಲ."

ಗುಜರಿಯಲ್ಲಿ ತಾನೇ ಆರಿಸಿ ತಂದ ಆ ಕಂಬಿಯ ಮೇಲೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಆದರೆ ಕೋಣೆ ಅಗಲವಾಗಲೆಂದು ಗೋಡೆಯನ್ನು ಆಚೆಗೆ ಕಟ್ಟಿಸಿದ್ದ. ಹಾಗಾಗಿ ಕಂಬಿಯ ತುದಿಗೆ ಗೋಡೆಯ ಮೇಲೆ ಸಿಕ್ಕಿದ್ದು ನಾಲ್ಕೇ ಬೆರಳು ಜಾಗ. ಮೇಲೆ ಹೊದಿಸಿದ್ದು ಕಲ್ಲು ಚಪ್ಪಡಿ!

ವೆಂಕಟರತ್ನಮ್ಮನ ಮನಸ್ಸು ತಡೆಯಲಿಲ್ಲ. ಹತ್ತಿರದ ಕೋರಮಂಡಲ್ ಊರಿನ ಗಾರೆ ಕೆಲಸದ ಪೆರುಮಾಳ್ ಮೇಸ್ತ್ರಿಗೆ ಹೇಳಿಕಳಿಸಿದಳು.

ಮೇಸ್ತ್ರಿ ಬಿರುಕಿನ ಮೇಲೆ ಬೆರಳಾಡಿಸಿದ. "ಅಣ್ಣಾ, ತೊಲೆ ಗಟ್ಟಿಯಾಗೇ ಐತೆ. ಅದ್ನ ಹೊತ್ತಿರೋ ಇಟ್ಟಿಗೆ ಗಟ್ಟಿ ಇಲ್ಲ. ಅಷ್ಟೂ ಭಾರ ನಾಲ್ಕು ಬೆರಳಗಲದ ಮೇಲೆ ಬಿದ್ರೆ ಅದೇನ್ ಮಾಡ್ತದೆ? ಕೆಳಗೊಂದು ಕಾಂಕ್ರೀಟ್ ದಿಂಬು ಆಕ್ಬೇಕಿತ್ತು. ಭಾರ ಅಗಲಕ್ಕೆ ಹಂಚೋಗ್ತದೆ. ಈಗಾದ್ರೆ ಗೋಡೆಗೆ ಒಳಗಡೆಯಿಂದ ಕಂಬ ಎಬ್ಬಿಸಿ, ಅದ್ರ ಮೇಲೆ ದಿಂಬು ಆಕ್ಬೇಕು."

"ಊರೆಲ್ಲಾ ಇಂಗೇ ಕಟ್ಟವ್ರೆ, ಬುಡಪ್ಪ," ಎಂದ ಮುನಿಸ್ವಾಮಪ್ಪ.

ವೆಂಕಟರತ್ನಮ್ಮ ಒಳಗೆ ಹೋಗಿ ಬಟ್ಟೆಯ ಸಿಂಬೆ ತಂದು ಗಂಡನ ಕೈಗಿಟ್ಟಳು. "ಒಂದು ಬಿಂದಿಗೆ ನೀರು ಒರೋಕೆ ನನ್ನ ತಲೆಗೆ ಇದು ಬೇಕು. ಬಂಡೆ ಒರೋ ಗೋಡೆಗೆ ಬ್ಯಾಡ್ವಾ? ಆ ತೊಲೆ ಕೆಳಗೆ ನಾನು ಮಗೂನ ಮಲಗ್ಸಲ್ಲ."

ಮುನಿಸ್ವಾಮಪ್ಪ ಸಿಂಬೆಯನ್ನು ಕೈಯಲ್ಲಿ ತಿರುಗಿಸುತ್ತಾ ತೊಲೆಯ ತುದಿಯನ್ನು ನೋಡಿದ. "ಕೋಣೆ ಕಿರಿದಾಗ್ತದಲ್ಲೇ," ಎಂದ ಕೊನೆಗೆ, ಮೆಲ್ಲಗೆ.

"ಆಗ್ಲಿ ಬುಡು. ಆ ಕೂಸಿಗೆ ಎಷ್ಟು ಜಾಗ ಬೇಕು?"

ಆ ಸಲ ತೊಟ್ಟಿಲು ಹಳೆಯ ನಡುಮನೆಯಲ್ಲೇ ತೂಗಿತು. ಇಂಜಿನಿಯರ್ ಬಂದು ನೋಡಿ ಹೇಳಿದಂತೆ ಪೆರುಮಾಳ್ ತೊಲೆಗೆ ಆಸರೆ ನಿಲ್ಲಿಸಿದ. ಪಾಯದಿಂದಲೇ ಗೋಡೆಗೆ ಬೆಸೆದು ಕಂಬ ಎಬ್ಬಿಸಿ, ಮೇಲೆ ದಿಂಬು ಹಾಕಿದ. ಈಗ ತೊಲೆಯ ತುದಿ ದಿಂಬಿನ ಮೇಲೆ ಒಂದು ಗೇಣು ಕೂತಿದೆ. ಕೋಣೆ ಕಿರಿದಾದದ್ದು ಬಂದವರ ಕಣ್ಣಿಗೆ ಬೀಳುವುದೇ ಇಲ್ಲ. ಮುನಿಸ್ವಾಮಪ್ಪನೇ ತೋರಿಸಿ ಹೇಳಬೇಕು, ಹೇಳುತ್ತಾನೆ ಕೂಡ.

ಮನೆ ಕಟ್ಟಿಸುವ ಅಕ್ಕಂದಿರೇ, ಅಣ್ಣಂದಿರೇ, ತೊಲೆ ಎಷ್ಟು ಗಟ್ಟಿ ಎಂದು ಕೇಳಿದರೆ ಸಾಲದು, ಅದು ಯಾವುದರ ಮೇಲೆ ಕೂತಿದೆ ಎಂದೂ ಕೇಳಿ. ತೊಲೆಯ ತುದಿ ಗೋಡೆಯ ಮೇಲೆ ಎಷ್ಟು ಒಳಗೆ ಕೂರಬೇಕು, ದಿಂಬು ಎಷ್ಟು ದೊಡ್ಡದಿರಬೇಕು ಎಂಬುದು ಭಾರ ನೋಡಿ ಇಂಜಿನಿಯರ್ ಹೇಳುವ ಲೆಕ್ಕ. ಕಣ್ಣಳತೆ ನಂಬಬೇಡಿ. ತೊಲೆಯ ಕೆಳಗೆ ಬಿರುಕು ಕಂಡರೆ ಗಾರೆ ಮೆತ್ತಿ ಮುಚ್ಚದೆ, ಮೊದಲು ಕೋಣೆ ಖಾಲಿ ಮಾಡಿ. ಇವತ್ತು ಮಗುವನ್ನು ಮಲಗಿಸುವ ಮುಂಚೆ ಒಂದು ಸಲ ತಲೆಯೆತ್ತಿ ನೋಡಿ.