ಹೊಳೆಯಾಚೆಯ ಕೆಲೆಜು

ಕೃಷ್ಣಮೂರ್ತಿಗಳು ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆಸಿ, ನಕಾಶೆ ಬರೆದು, ಮೈಸೂರು ಸೀಮೆಯ ಏಳು ತಾಲ್ಲೂಕುಗಳ ಎಲ್ಲೆಕಲ್ಲುಗಳನ್ನು ಬಲ್ಲವರಾಗಿದ್ದರು. ನ್ಯೂಜೆರ್ಸಿಯ ಐಸೆಲಿನ್ನಿನಲ್ಲಿದ್ದ ಮಗಳ ಮನೆಗೆ ಬಂದು ನೆಲೆಸಿದ ಮೇಲೆ, ಎಪ್ಪತ್ತಾರರ ವಯಸ್ಸಿನಲ್ಲಿ, ಆಫ್ರಿಕದ ಲೈಬೀರಿಯಾ ದೇಶದ ಲೋಫಾ ಎಂಬ ಕೌಂಟಿಯ ನಕಾಶೆ ಬರೆಯುವ ಯೋಗ ತಮ್ಮ ಪಾಲಿಗೆ ಒದಗೀತೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಅದಕ್ಕೆ ಕಾರಣ ಅವರ ಪತ್ನಿ ಅಕ್ಕಮ್ಮನವರ ಮಂಡಿ. ಶಸ್ತ್ರಚಿಕಿತ್ಸೆಯಾದ ಮೇಲೆ ಆರೈಕೆಗೆಂದು ಬರುತ್ತಿದ್ದ ಕೆಬ್ಬೆ ಲೋಫಾದವಳು. ನಲವತ್ತು ದಾಟಿದ, ಎತ್ತರದ ನಿಲುವಿನ ಹೆಂಗಸು. ಅಕ್ಕಮ್ಮನವರನ್ನು ಓಲ್ಡ್ ಮಾ ಎಂದೂ ಇವರನ್ನು ಓಲ್ಡ್ ಪಾ ಎಂದೂ ಕರೆಯುತ್ತಿದ್ದಳು. ಅವಳ ನಾಡಿನಲ್ಲಿ ಹಿರಿಯರಿಗೆ ಸಲ್ಲುವ ಮರ್ಯಾದೆಯೇ ಅದು. ಕಾಲು ಮೇಲೆತ್ತಿ ಇಳಿಸುವ ವ್ಯಾಯಾಮದಲ್ಲಿ ಅಕ್ಕಮ್ಮನವರು ನೋವು ಮರೆಯಲೆಂದು ತನ್ನ ನಾಡನ್ನು ಬಣ್ಣಿಸುತ್ತಿದ್ದಳು: ಗಿನಿ, ಸಿಯೆರಾ ಲಿಯೋನ್ ಎರಡೂ ದೇಶಗಳ ಗಡಿ ಮುಟ್ಟುವ ಬೆಟ್ಟಗಳು, ಕೆಂಪು ಮಣ್ಣಿನ ದಾರಿ, ಮಳೆಗಾಲದಲ್ಲಿ ವಾರಗಟ್ಟಲೆ ಕೆಸರಿನಲ್ಲಿ ಹೂತು ನಿಲ್ಲುವ ಲಾರಿಗಳು.

"ಕೌಂಟಿಗೊಬ್ಬ ಸೂಪರಿಂಟೆಂಡೆಂಟ್. ಅವನನ್ನು ರಾಜಧಾನಿಯಿಂದ ಕಳಿಸ್ತಾರೆ, ಕರೆಸ್ಕೊಳ್ತಾರೆ. ಅವನ ಕೆಳಗೆ ಡಿಸ್ಟ್ರಿಕ್ಟ್ ಕಮಿಷನರ್. ಚೀಫ್‌ಗಳ ವಿಷಯ ಬೇರೆ, ಅವರು ಆ ಮಣ್ಣಿನವರು. ಟೌನ್ ಚೀಫ್, ಅವನ ಮೇಲೆ ಕ್ಲ್ಯಾನ್ ಚೀಫ್, ಎಲ್ಲರ ಮೇಲೆ ಪ್ಯಾರಮೌಂಟ್ ಚೀಫ್."

ಕೃಷ್ಣಮೂರ್ತಿಗಳು ಊಟದ ಮೇಜಿನಿಂದಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. "ಜಿಲ್ಲಾಧಿಕಾರಿ, ತಹಸೀಲ್ದಾರ. ಇತ್ತ ಕಡೆ ಪಟೇಲ, ನಾಡಗೌಡ. ಎಲ್ಲಾ ನಮ್ಮ ಕಡೆ ಹಾಗೇ."

"ನಿಮ್ಮ ಕಡೆ ಹಾಗೇ ಆದ್ರೆ ನಾನು ಹೇಳೋದು ಯಾಕೆ, ಓಲ್ಡ್ ಪಾ?" ಎಂದು ಕೆಬ್ಬೆ ನಗುತ್ತಿದ್ದಳು.

ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಚದುರಿಹೋಗಿದ್ದ ಲೋಫಾದವರ ಸಂಘಕ್ಕೆ ಸ್ಟೇಟನ್ ಐಲೆಂಡಿನಲ್ಲಿ ಹೊಸದೊಂದು ಸಭಾಂಗಣ ದೊರೆತಿತ್ತು. ಆ ವರ್ಷ ಸಂಘದ ಕಾರ್ಯದರ್ಶಿಯಾಗಿದ್ದ ಕೆಬ್ಬೆ, ಪ್ರಾರಂಭೋತ್ಸವದ ಹೊತ್ತಿಗೆ ಗೋಡೆಯ ಮೇಲೆ ಕೌಂಟಿಯ ನಕಾಶೆ ಇರುತ್ತದೆಂದೂ ಅದನ್ನು ತನ್ನ ಓಲ್ಡ್ ಪಾ ಕೈಯಿಂದ ಬರೆಯುತ್ತಾರೆಂದೂ ಎಲ್ಲರೆದುರು ಮಾತು ಕೊಟ್ಟುಬಿಟ್ಟಳು. ಕೃಷ್ಣಮೂರ್ತಿಗಳಿಗೆ ಆನಂದವೋ ಆನಂದ. ಮೊಮ್ಮಗಳು ನಿಧಿ ಉಪಗ್ರಹದ ಚಿತ್ರಗಳನ್ನು ಮುದ್ರಿಸಿ ತಂದುಕೊಟ್ಟಳು. ದಿನವೂ ಸಂಧ್ಯಾವಂದನೆ ಮುಗಿಸಿ ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಆರು ವಾರಗಳಲ್ಲಿ ಬೆಟ್ಟ ಎದ್ದಿತು, ಹೊಳೆ ಹರಿಯಿತು, ಕ್ಲ್ಯಾನಿಗೊಂದು, ಎಂದರೆ ಕುಲದ ಸೀಮೆಗೊಂದು, ಬಣ್ಣ ಬಂದಿತು. ಶುಕ್ರವಾರ ಕೆಬ್ಬೆ ಅದನ್ನು ಕಂಡು, ಇಂಡಿಯನ್ ಇಂಕಿನಲ್ಲಿ ಬರೆದ ತನ್ನ ಊರು ಕೆಲೆಜುವಿನ ಹೆಸರನ್ನು ಬೆರಳಿನಿಂದ ಸವರಿ, ಒಂದು ಫೋಟೋ ತೆಗೆದು ತನ್ನವರಿಗೆಲ್ಲ ಕಳಿಸಿದಳು.

ಶನಿವಾರ ಅವಳು ಬಂದಾಗ ಮುಖದಲ್ಲಿ ಕಳೆಯಿರಲಿಲ್ಲ. ಅಕ್ಕಮ್ಮನವರು ಕಾಲು ಎತ್ತಲೇ ಇಲ್ಲ.

"ಮೊದಲು ಏನಾಯ್ತು ಹೇಳು. ಆಮೇಲೆ ನನ್ನ ಕಾಲು."

ಕೆಬ್ಬೆಯ ಸೋದರಮಾವ ಅಕೋಯಿ ಎಂಬುವರು ಸಂಘಕ್ಕೆಲ್ಲ ಹಿರಿಯರು. ಸಭೆ ಯಾವುದೇ ಇರಲಿ, ಅವರು ನಮ್ಮ ಅಡಿಕೆಯಂತೆ ಅಗಿಯುವ ಕೋಲಾ ಕಾಯಿ ಒಡೆದು ಹಂಚದೆ ಮೊದಲಾಗುವುದಿಲ್ಲ. ಲೋಫಾದ ಲಾಯಾ ಹೊಳೆಯ ಮೂಡಲಿಗೆ ಬೊಂಡಿ ಕ್ಲ್ಯಾನು, ಪಡುವಲಿಗೆ ತೈನು ಕ್ಲ್ಯಾನು. ಅಕೋಯಿ ಬೊಂಡಿಯವರು. ಕೆಲೆಜು ಊರು ಹೊಳೆಯ ಪಡುವಣ ದಡದಲ್ಲಿದ್ದುದರಿಂದ ಕೃಷ್ಣಮೂರ್ತಿಗಳು ಅದಕ್ಕೆ ತೈನುವಿನ ಬಣ್ಣ ಹಚ್ಚಿದ್ದರು. ಫೋಟೋ ನೋಡಿದ ಅಕೋಯಿ ಫೋನ್ ಮಾಡಿ ಒಂದೇ ಮಾತು ಹೇಳಿದ್ದರಂತೆ: ತನ್ನ ಊರನ್ನು ತೈನುವಿಗೆ ಕೊಟ್ಟವಳು ಅಲ್ಲೇ ಒಬ್ಬ ಸೋದರಮಾವನನ್ನೂ ಹುಡುಕಿಕೊಳ್ಳಲಿ, ಭಾನುವಾರದ ಪ್ರಾರಂಭೋತ್ಸವದಲ್ಲಿ ನಾನು ಕೋಲಾ ಒಡೆಯುವುದಿಲ್ಲ.

"ಹೊಳೆಯೇ ಎಲ್ಲೆ," ಎಂದರು ಕೃಷ್ಣಮೂರ್ತಿಗಳು. "ಇಷ್ಟು ದೊಡ್ಡ ಹೊಳೆ ನಡುವೆ ಇರುವಾಗ ಬೇರೆ ಎಲ್ಲೆ ಯಾಕೆ ಹುಡುಕ್ಬೇಕು?"

"ಕೆಲೆಜು ಕಟ್ಟಿದವನು ಬೊಂಡಿಯವರ ತಂಗಿಯ ಮಗ, ಓಲ್ಡ್ ಪಾ. ಆಚೆ ದಡದ ಕಾಡನ್ನು ಅವನಿಗೆ ಕೊಟ್ಟೋರು ಮಾವಂದಿರೇ. ಇವತ್ತಿಗೂ ನಮ್ಮ ಟೌನ್ ಚೀಫಿಗೆ ಅಧಿಕಾರದ ಕೋಲು ಕೊಡೋರು ಬೊಂಡಿಯವರು. ಬೊಂಡಿ ಮಾವನ ಊರು, ಕೆಲೆಜು ಅಳಿಯನ ಊರು. ನನ್ನ ತಾಯಿಯೂ ಬೊಂಡಿಯಿಂದಲೇ ಬಂದೋಳು." ಅವಳು ತಲೆ ತಗ್ಗಿಸಿದಳು. "ನಾನು ಹೆಸರು ನೋಡಿದೆ. ಬಣ್ಣ ನೋಡಲಿಲ್ಲ."

"ಆದ್ರೂ, ನಿಯಮ ಅಂತ ಒಂದು ಇರುತ್ತಲ್ಲ..."

"ಹೊಳೆ ಅಡ್ಡ ಬಂದ್ರೆ ಸೋದರಮಾವ ಬೇರೆಯವನಾಗ್ಬಿಡ್ತಾನೇನ್ರೀ?" ಎಂದು ಅಕ್ಕಮ್ಮನವರು ಕನ್ನಡದಲ್ಲಿ ಕೇಳಿದರು. "ನಿಮ್ಮ ಮುಂಜಿಗೆ ನಿಮ್ಮ ಮಾವ ಕಾವೇರಿ ದಾಟ್ಕೊಂಡೇ ತಾನೇ ಬಂದಿದ್ದು? ಈಚೆ ದಡದ ಮಾವ ಬರ್ಲಿ ಅಂತ ಮಂಟಪದಲ್ಲಿ ಕಾಯ್ತಾ ಕೂತಿದ್ರಾ?"

ಕೃಷ್ಣಮೂರ್ತಿಗಳನ್ನು ಇರಿದದ್ದು ಬೇರೆಯೇ ಒಂದು ವಿಚಾರ. ಅಕ್ಕಪಕ್ಕದ ಬಾಜುದಾರರಿಗೆ ನೋಟೀಸು ಕೊಡದೆ, ಅವರನ್ನು ಸ್ಥಳದಲ್ಲಿ ನಿಲ್ಲಿಸಿಕೊಳ್ಳದೆ ಎಲ್ಲೆ ಹಾಕಕೂಡದೆಂದು ಅವರು ಎಷ್ಟು ಮಂದಿ ಹೊಸ ಸರ್ವೆಯರುಗಳಿಗೆ ಗದರಿ ಹೇಳಿರಲಿಲ್ಲ! ಸೀಮಾವಿವಾದ ಬಂದಾಗ ವೃದ್ಧರನ್ನು ಕೇಳಬೇಕು, ದನಗಾಹಿಗಳನ್ನೂ ಬೇಡರನ್ನೂ ಕೇಳಬೇಕು ಎಂದು ಪ್ರಾಚೀನ ಧರ್ಮಶಾಸ್ತ್ರಕಾರರು ವಿಧಿಸಿದ್ದನ್ನು ಪಾಠ ಹೇಳಿದ ನಾಲಿಗೆ ಅವರದು. ಅಂಥವರು ಐಸೆಲಿನ್ನಿನ ಅಡುಗೆಮನೆಯ ಪಕ್ಕದಲ್ಲಿ ಕುಳಿತು, ಆಕಾಶದಿಂದ ತೆಗೆದ ಚಿತ್ರವನ್ನು ನಂಬಿ, ಒಂದು ಊರನ್ನು ಅದರ ತಾಯಿಯ ಕುಲದಿಂದ ಕಿತ್ತುಹಾಕಿದ್ದರು.

"ತಾತ, relax," ಎಂದಳು ನಿಧಿ. "I'll scan it, change the color, print a new one. Ten minutes."

"ಬೇಡ ಮಗು. ಅದು ತಪ್ಪನ್ನ ಬಚ್ಚಿಟ್ಟ ಹಾಗೆ. ನಾಳೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."

ಭಾನುವಾರ ನಿಧಿ ಕಾರು ನಡೆಸಿದಳು. ಅಕ್ಕಮ್ಮನವರು ವಾಕರ್ ಸಮೇತ ಹಿಂದಿನ ಸೀಟು ಹಿಡಿದರು, ಬೇಡವೆಂದರೆ ಕೇಳುವವರಲ್ಲ. ಸೇತುವೆ ದಾಟಿ ಸಭಾಂಗಣ ಸೇರಿದಾಗ ಕುರ್ಚಿಗಳು ತುಂಬಿದ್ದವು, ಸಭೆ ಮಾತ್ರ ಮೊದಲಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಪಟ್ಟೆಪಟ್ಟೆಯ ನೇಯ್ಗೆಯ ನಿಲುವಂಗಿ ತೊಟ್ಟು, ಕಸೂತಿಯ ಟೋಪಿ ಧರಿಸಿದ ವೃದ್ಧರೊಬ್ಬರು ಕೋಲಿನ ಮೇಲೆ ಎರಡೂ ಕೈ ಊರಿ ಕುಳಿತಿದ್ದರು. ಅವರೇ ಅಕೋಯಿ. ಕೆಬ್ಬೆ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು.

ಕೃಷ್ಣಮೂರ್ತಿಗಳು ನೇರವಾಗಿ ಹೋಗಿ ಕೈಮುಗಿದರು. "ಈ ನಕಾಶೆ ಬರೆದೋನು ನಾನು."

ಅಕೋಯಿ ಪಕ್ಕದ ಬಟ್ಟಲಿನಿಂದ ಒಂದು ಕೋಲಾ ಕಾಯಿ ತೆಗೆದು, ಎಸಳು ಬಿಡಿಸಿ, ಒಂದನ್ನು ಅವರ ಮುಂದೆ ಹಿಡಿದರು. ಬಂದ ಪರಸ್ಥಳದವನಿಗೆ ಕೋಲಾ ಕೊಡದೆ ಅವನ ಮಾತು ಕೇಳುವಂತಿಲ್ಲ. ಅದು ಕೋಪಕ್ಕಿಂತ ಹಿರಿದಾದ ಕಟ್ಟಳೆ. ಹೊರಗಡೆ ನೀರನ್ನೂ ಮುಟ್ಟದ ಕೃಷ್ಣಮೂರ್ತಿಗಳ ಕೈ ಅರೆಕ್ಷಣ ತಡೆಯಿತು.

"ಬೇಯಿಸಿದ್ದಲ್ಲ, ದೋಷವಿಲ್ಲ," ಎಂದರು ಹಿಂದಿನಿಂದ ಅಕ್ಕಮ್ಮನವರು. "ತಾಂಬೂಲ ಅಂದ್ಕೊಂಡು ತಗೊಳ್ಳಿ."

ಅವರು ಎರಡೂ ಕೈಯಿಂದ ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಕಹಿಯೆಂದರೆ ಕಹಿ.

"ಹೊಳೆಯನ್ನು ಕೇಳಿದಿರೋ, ಊರನ್ನು ಕೇಳಿದಿರೋ?" ಎಂದರು ಅಕೋಯಿ.

"ಯಾರನ್ನೂ ಕೇಳಲಿಲ್ಲ. ನಿಮ್ಮ ಸೊಸೆಯನ್ನೂ ಕೇಳಲಿಲ್ಲ. ತಪ್ಪು ಪೂರ್ತಿ ನನ್ನದು. ಈಗ ಕೇಳೋಕೆ ಬಂದಿದ್ದೀನಿ. ಎಲ್ಲೆ ನೀವು ತೋರಿಸಿ, ನಾನು ಬರೀತೀನಿ."

ನಕಾಶೆಯನ್ನು ಮೇಜಿನ ಮೇಲೆ ಬಿಡಿಸಿದರು. ಅಕೋಯಿಯವರ ಬೆರಳು ಬಹು ಹೊತ್ತು ಲಾಯಾ ಹೊಳೆಯ ಮೇಲೆ ಸುಮ್ಮನೆ ಓಡಾಡಿತು. ಆಮೇಲೆ ಅವರು ಹೇಳತೊಡಗಿದರು: ಇಲ್ಲಿ ದಾಟುಗಲ್ಲುಗಳು, ಇಲ್ಲಿಂದ ಬೂರುಗದ ಮರ, ಮರದಾಚೆ ಕೆಲೆಜು ಕಟ್ಟಿದವನ ತಾಯಿ, ಆ ಮೊದಲ ತಂಗಿಯ ಸಮಾಧಿ, ಅಲ್ಲಿಂದ ತಾಳೆಯ ತೋಪಿನವರೆಗೆ ಕೆಲೆಜು. ಕೃಷ್ಣಮೂರ್ತಿಗಳು ಹಳೆಯ ಗೆರೆಯನ್ನು ಕೆರೆಯಲಿಲ್ಲ. ಕೆಂಪು ಶಾಯಿಯಿಂದ ಅದಕ್ಕೆ ಅಡ್ಡಗೀಟು ಹೊಡೆದು, ಹೊಸ ಎಲ್ಲೆಯನ್ನು ಹೊಳೆ ದಾಟಿಸಿ, ಕೆಲೆಜುವನ್ನು ಸುತ್ತಿಸಿ ತಂದು, ಪಕ್ಕದಲ್ಲಿ ರುಜು ಹಾಕಿದರು. ಸಾಕ್ಷಿಯೆಂದು ಅಕೋಯಿಯವರಿಂದಲೂ ರುಜು ಹಾಕಿಸಿಕೊಂಡರು.

"ಗೆರೆ ಸರಿಹೋಯ್ತು," ಎಂದರು ಅಕೋಯಿ, ಪೆನ್ನು ಹಿಂದಿರುಗಿಸುತ್ತ. "ನೀವು ಹೊರಗಿನವರು, ನಿಮ್ಮದು ಮುಗೀತು. ಅವಳು ಹೊರಗಿನವಳಲ್ಲವಲ್ಲ." ಮತ್ತೆ ಕೋಲಿನ ಮೇಲೆ ಕೈ ಊರಿ ಮುಖ ತಿರುಗಿಸಿದರು.

ಕೃಷ್ಣಮೂರ್ತಿಗಳು ಪೆನ್ನನ್ನು ಜೇಬಿಗೆ ಸೇರಿಸಿದರು. ಸರ್ವೆಯವನ ಅಧಿಕಾರ ಕಾಗದದ ಅಂಚಿಗೆ ತೀರಿಹೋಗುತ್ತದೆ.

ಆಗ ಕೆಬ್ಬೆ ಗೋಡೆ ಬಿಟ್ಟು ನಡೆದುಬಂದಳು. ಮಾವನ ಮುಂದೆ ನಿಂತಳು. ಕಾಲಿಗೆ ಬೀಳುತ್ತಾಳೆಂದು ಕೃಷ್ಣಮೂರ್ತಿಗಳು ಎಣಿಸಿದ್ದರು. ಅವಳು ಕೈ ಚಾಚಿ ಅವರ ತಲೆಯ ಮೇಲಿನ ಟೋಪಿಯನ್ನು ಕಿತ್ತುಕೊಂಡು ತಾನೇ ಹಾಕಿಕೊಂಡಳು.

"ಅಯ್ಯೋ, ಇದೇನಿದು?" ಎಂದು ಅಕ್ಕಮ್ಮನವರು ಪಕ್ಕದ ಹೆಂಗಸನ್ನು ಕೇಳಿದರು.

"ಸೋದರಮಾವನ ವಸ್ತುವನ್ನ ತಂಗಿಯ ಮಕ್ಕಳು ಕೇಳದೇ ಕಿತ್ಕೋಬಹುದು," ಎಂದು ಆ ಹೆಂಗಸು ಪಿಸುಗುಟ್ಟಿದಳು. "ಅದು ಅವರ ಹಕ್ಕು. ಮಾವ ವಾಪಸ್ ಕೇಳಿದ್ರೆ, ಇವಳು ನನ್ನ ಸೊಸೆಯಲ್ಲ ಅಂತ ಎಲ್ಲರ ಮುಂದೆ ಹೇಳಿದ ಹಾಗೆ."

ಅಕೋಯಿ ತಮ್ಮ ಬೋಳುತಲೆಯನ್ನು ಒಮ್ಮೆ ಸವರಿಕೊಂಡರು. ಕೆಬ್ಬೆ ಕದಲಲಿಲ್ಲ. ಕೃಷ್ಣಮೂರ್ತಿಗಳು ತಮಗರಿಯದೆಯೇ ಇಷ್ಟದೇವತೆಯನ್ನು ನೆನೆಯುತ್ತಿದ್ದರು.

"ನೋಡಿದಿರಾ?" ಎಂದು ಅಕೋಯಿ ಕೊನೆಗೆ ಅವರ ಕಡೆ ತಿರುಗಿದರು. "ಕೆಲೆಜುವಿನವರೆಲ್ಲ ಕಳ್ಳರು. ಅಂದೇ ಇವರಿಗೆ ಕಾಡು ಕೊಡಬಾರದಾಗಿತ್ತು." ಹಾಗೆಂದು ಬಟ್ಟಲನ್ನು ಮಡಿಲಿಗೆ ಎಳೆದುಕೊಂಡು, ಸಭೆಗೆಂದು ಮೊದಲ ಕಾಯಿಯನ್ನು ಒಡೆದು, ಅದರ ದೊಡ್ಡ ಎಸಳನ್ನು ಟೋಪಿ ಹೊತ್ತವಳ ಕೈಗೆ ಹಾಕಿದರು.