ಉಳಿದದ್ದೆಲ್ಲ ಸಾಮಾನು

ವೊಂಡಾ ಅತ್ತೆ ಶವಪೆಟ್ಟಿಗೆಯ ಮೇಲೆ ಬಾಗಿ, ಲವಾರ್ ಮಿಕಲ್ಸನ್‌ನ ಬಿಳಿ ಅಂಗಿಯ ತೋಳಿನೊಳಗೆ ಏನನ್ನೋ ತುರುಕುತ್ತಿದ್ದಾಗ ಮರ್ಲೀನ್ ಆಕೆಯ ಮುಂಗೈ ಹಿಡಿದಳು.

“ಏನತ್ತೆ ಅದು?”

“ಏನಿಲ್ಲ ಬಿಡು.”

ಎಂಬತ್ತು ದಾಟಿದ ಮುದುಕಿ ಕೈ ಬಿಡಿಸಿಕೊಳ್ಳಲು ನೋಡಿದಳು. ಬೆರಳ ಸಂದಿಯಿಂದ ಲವಾರನ ಪಾಸು ಇಣುಕಿತು. ಅರವತ್ತೆರಡು ದಾಟಿದವರಿಗೆ ಸರ್ಕಾರ ಕೊಡುವ, ಬದುಕಿರುವವರೆಗೆ ನಡೆಯುವ ಬೆಟ್ಟ-ಕಣಿವೆಗಳ ರಾಷ್ಟ್ರೀಯ ಪಾರ್ಕಿನ ಪಾಸು ಅದು. ವ್ಯಾನಿನ ಕನ್ನಡಿಗೆ ನೇತುಬಿದ್ದಿದ್ದನ್ನು ಬೆಳಿಗ್ಗೆ ಯಾರಿಗೂ ಹೇಳದೆ ಕಿತ್ತು ತಂದಿದ್ದಳು.

“ಮೇಲೂ ಒಂದು ಗೇಟು ಇರತ್ತಲ್ಲ ಹುಡುಗಿ. ಇವನಿಗೆ ಸಾಲಲ್ಲಿ ನಿಂತು ಅಭ್ಯಾಸ ಇಲ್ಲ. ತೋರಿಸಿ ಸೀದಾ ಹೋಗ್ಲಿ ಅಂತ.”

“ಸೀದಾ ಎಲ್ಲಿ ಹೋಗ್ತಾನೆ?” ಅಂದ ಎಲ್ಡೆನ್. ಶಾಲಾ ಬಸ್ಸುಗಳ ಷೆಡ್ಡಿನಲ್ಲಿ ಲವಾರನ ಜೊತೆ ಮೆಕ್ಯಾನಿಕ್ ಆಗಿದ್ದ ಅವನಿಗೆ ಈಗ ಕಿವಿ ಮಂದ, ಅವನು ಪಿಸುಗುಟ್ಟಿದರೂ ಇಡೀ ಕೋಣೆಗೆ ಕೇಳಿಸುತ್ತದೆ. “ಗೇಟಿನ ಹೊರಗೆ ನಿಂತಿರೋ ಪಾಪಿಗಳನ್ನೆಲ್ಲ ಹತ್ತಿಸ್ಕೊಂಡು ಹೋಗ್ತಾನೆ. ನಾನೊಬ್ನೇ, ಉಳಿದದ್ದೆಲ್ಲ ಸಾಮಾನು ಅಂತಾನೆ.”

ಬಾಗಿಲಲ್ಲಿ ನಿಂತಿದ್ದ ಬಿಷಪ್ ಟಾಲ್ಬಟ್ ಕೆಮ್ಮಿದರು. ಆದರೆ ನಗು ತಡೆಯಲು ಅವರು ಪಡುತ್ತಿದ್ದ ಪಾಡು ಎಲ್ಲರಿಗೂ ಕಾಣುತ್ತಿತ್ತು.

ಮರ್ಲೀನ್ ಅಪ್ಪನ ಮುಖ ನೋಡಿದಳು. ಕಿವಿಯ ಹಿಂದಿನ ಕೂದಲನ್ನು ನಿನ್ನೆ ಸಂಜೆ ತಾನೇ ಕತ್ತರಿಸಿದ್ದಳು. ಊರಿನ ಅರ್ಧ ಹೆಂಗಸರ ಕೂದಲು ಅವಳ ಪಾರ್ಲರಿನಲ್ಲೇ ಸೆಟ್ ಆಗುವುದು; ಅಪ್ಪನದು ಮಾತ್ರ ಅಡುಗೆಮನೆಯ ಕುರ್ಚಿಯಲ್ಲಿ, ಟವೆಲು ಹೊದಿಸಿ. ಸತ್ತ ಮೇಲೆ ಕತ್ತರಿಸುವಾಗಲೂ ಅಭ್ಯಾಸಬಲದಿಂದ “ತಲೆ ಸ್ವಲ್ಪ ಬಗ್ಸಪ್ಪ” ಅಂದುಬಿಟ್ಟಿದ್ದಳು.

“ಇಡಿ ಅತ್ತೆ,” ಅಂದಳು. “ಅವನದೇ ಅಲ್ವಾ.”

ಪಾಸು ತೋಳಿನೊಳಗೆ ಸೇರಿತು. ಪೆಟ್ಟಿಗೆಯ ಮುಚ್ಚಳ ಬಿತ್ತು. ಆಗಲೇ ಮರ್ಲೀನಳಿಗೆ ಹೊಳೆದದ್ದು: ಇಷ್ಟು ವರ್ಷ ತಾನೂ ಆ ಪಾಸಿನ ನೆರಳಲ್ಲೇ ಕಣಿವೆ ನೋಡಿಕೊಂಡು ಬಂದವಳು.

* * *

ಲವಾರನಿಗೆ ಅರವತ್ತೆರಡು ತುಂಬಿದ ದಿನ ಅವನು ಪಾರ್ಕಿನ ಗೇಟು ತೆರೆಯುವ ಮುಂಚೆಯೇ ಹೋಗಿ ನಿಂತಿದ್ದ. ಡ್ರೈವಿಂಗ್ ಲೈಸೆನ್ಸ್, ಹುಟ್ಟಿದ ದಾಖಲೆ, ಅವೂ ಸಾಲದೇ ಹೋದರೆ ಇರಲಿ ಎಂದು ದೀಕ್ಷಾಸ್ನಾನದ ಪತ್ರ, ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು. ಕಿಟಕಿಯಲ್ಲಿದ್ದ ರೇಂಜರ್ ಬಿಗೇ ಎಂಬಾತ ಲೈಸೆನ್ಸನ್ನಷ್ಟೇ ನೋಡಿ ಪಾಸು ಕೊಟ್ಟು, “ಸಹಿ ಹಾಕಿ, ಒಳಗೆ ಹೋಗಿ,” ಅಂದ.

“ಕಾರಲ್ಲಿ ಇನ್ನೂ ಜನ ಇದ್ರೆ?”

“ಒಂದು ಗಾಡೀಲಿ ಎಷ್ಟು ಜನ ಇದ್ರೂ ನಡೆಯತ್ತೆ. ಪಾಸಿನವರು ಜೊತೇಲಿರ್ಬೇಕು ಅಷ್ಟೆ.”

ಲವಾರ್ ಒಳಗೆ ಹೋಗಲಿಲ್ಲ. ಗಾಡಿ ತಿರುಗಿಸಿ ವಾಪಸ್ಸು ಊರಿಗೆ ಬಂದ. ಇಡೀ ಜೀವಮಾನ ಶಾಲಾ ಬಸ್ಸು ಓಡಿಸಿದವನಿಗೆ ಖಾಲಿ ಸೀಟು ಕಂಡರೆ ಏನೋ ತಪ್ಪಾಗಿದೆ ಅನಿಸುತ್ತಿತ್ತು. ಬೀದಿಯಲ್ಲಿ ಹಾರ್ನ್ ಹೊಡೆದುಕೊಂಡು ಬಂದು ಹೆಂಡತಿಯನ್ನು ಹತ್ತಿಸಿಕೊಂಡ, ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದ ಅಕ್ಕ ವೊಂಡಾಳನ್ನು ಹತ್ತಿಸಿಕೊಂಡ, ಪೋಸ್ಟಾಫೀಸಿನ ಎದುರು ಸುಮ್ಮನೆ ನಿಂತಿದ್ದ ಒಬ್ಬನನ್ನೂ ಬಿಡಲಿಲ್ಲ. ಗೇಟಿನಲ್ಲಿ ಬಿಗೇ ಬಗ್ಗಿ ನೋಡಿ, “ಎಷ್ಟು ಜನ?” ಅಂತ ಕೇಳಿದ.

“ನಾನೊಬ್ನೇ,” ಅಂದ ಲವಾರ್. “ಉಳಿದದ್ದೆಲ್ಲ ಸಾಮಾನು.”

ಆಮೇಲೆ ಪ್ರತಿ ಶನಿವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಹೆಂಡತಿ ಸತ್ತ ಮೇಲೂ ಅದು ನಿಲ್ಲಲಿಲ್ಲ.

* * *

ಸಮಾಧಿಯ ಬಳಿ ಪ್ರಾರ್ಥನೆ ಮುಗಿಸಿ ಎಲ್ಲರೂ ಚರ್ಚಿನ ಹಾಲಿಗೆ ಊಟಕ್ಕೆ ಬಂದರು. ಹ್ಯಾಮ್ ಇತ್ತು, ಹಸಿರು ಜೆಲ್ಲಿಯೊಳಗೆ ತುರಿದ ಕ್ಯಾರೆಟ್ ಇತ್ತು, ಚೀಸಿನಲ್ಲಿ ಬೇಯಿಸಿ ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿದ ಆಲೂಗಡ್ಡೆ ಐದಾರು ಮನೆಗಳಿಂದ ಬಂದಿತ್ತು. ಯಾರ ಮನೆಯದು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವಷ್ಟು ದಡ್ಡರು ಆ ಊರಿನಲ್ಲಿ ಇಲ್ಲ. ಬಿಷಪ್ಪರು ಎಲ್ಲದರಲ್ಲೂ ಒಂದೊಂದು ಚಮಚ ಹಾಕಿಸಿಕೊಂಡು ಬಚಾವಾದರು.

ನೆಡ್ರಾ ತಟ್ಟೆ ಹಿಡಿದು ಮರ್ಲೀನಳ ಪಕ್ಕ ಬಂದು ಕೂತಳು. ಮೃದು ಮಾತಿನ ಹೆಂಗಸು, ಪಾರ್ಲರಿನ ಶುಕ್ರವಾರದ ಗಿರಾಕಿ.

“ನಮ್ಮೆಜಮಾನ್ರು ಕೊನೇ ಸಲ ಮನೆಯಿಂದ ಆಚೆ ಬಂದಿದ್ದು ನಿಮ್ಮಪ್ಪನ ವ್ಯಾನಲ್ಲಿ ಕಣೇ. ಮೂಗಿಗೆ ಆಕ್ಸಿಜನ್ ನಳಿಗೆ, ಕಾಲ ಹತ್ರ ಸಿಲಿಂಡರು. ನಾನು ಬೇಡ ಅಂದೆ. ನಿಮ್ಮಪ್ಪ ಸಿಲಿಂಡರಿಗೂ ಒಂದು ಸೀಟು ಕೊಟ್ಟು ಬೆಲ್ಟ್ ಹಾಕಿದ್ರು.”

“ಅದ್ಕೂ ಸ್ಯಾಂಡ್‌ವಿಚ್ ಕೊಟ್ಟಿರ್ಬೇಕು,” ಅಂದ ಎಲ್ಡೆನ್.

“ಕೊಟ್ರು. ಟ್ಯೂನಾ ಮೀನಿನ ಸ್ಯಾಂಡ್‌ವಿಚ್, ಒಳಗೆ ಉಪ್ಪಿನಕಾಯಿ. ಅದನ್ನೂ ನಮ್ಮನೆಯವ್ರೇ ತಿಂದ್ರು. ತಿಂಗ್ಳಾಗಿತ್ತು ಅವ್ರು ಸರಿಯಾಗಿ ತಿಂದು.” ನೆಡ್ರಾ ಕಾಗದದ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡಳು. “ಋಣ ಅಂದ್ರೆ ಅದು. ತೀರಿಸೋಕ್ಕಾಗಲ್ಲ.”

ಮರ್ಲೀನ್ ಅವಳ ಕೈ ಒತ್ತಿದಳು. ಬೆಳಿಗ್ಗೆಯಿಂದ ಇಂಥದೇ ಮಾತು ಕೇಳಿ ಕೇಳಿ ಅವಳ ಎದೆ ತುಂಬಿಹೋಗಿತ್ತು. ಅಪ್ಪ ಯಾವತ್ತೂ ದೊಡ್ಡ ಮನುಷ್ಯನಾಗಿರಲಿಲ್ಲ. ಸಭೆಯಲ್ಲಿ ಎದ್ದು ನಿಂತರೆ ತೊದಲುತ್ತಿದ್ದ. ಆದರೂ ಹಾಲಿನಲ್ಲಿ ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತು ಉಣ್ಣುತ್ತಿದ್ದರು.

“ನೀನಾದ್ರೂ ಒಂದು ಪಾಸು ಮಾಡಿಸ್ಬಾರ್ದಿತ್ತಾ ವೊಂಡಾ?” ಎಲ್ಡೆನ್ ಕೆಣಕಿದ. “ಅರವತ್ತೆರಡು ಆಗಿ ಎಷ್ಟು ಕಾಲ ಆಯ್ತು? ಇದ್ದೊಂದನ್ನ ಹೂಳಿ ಬಂದ್ವಿ.”

“ನೀನ್ಯಾಕೆ ಮಾಡಿಸ್ಲಿಲ್ಲ?”

“ಲವಾರನ ಹತ್ರ ಇತ್ತಲ್ಲ.”

“ನಂಗೂ ಅದೇ.” ವೊಂಡಾ ತಟ್ಟೆಯಲ್ಲಿದ್ದ ಜೆಲ್ಲಿಯನ್ನು ಚಮಚದಿಂದ ಅಲ್ಲಾಡಿಸಿದಳು. “ಮಾಡಿಸಿದ್ದಿದ್ರೆ, ನಿನ್ನ ಹತ್ರಾನೇ ಇದ್ಯಲ್ಲ, ನೀನೇ ಹೋಗ್ಕೋ ಅಂದುಬಿಟ್ರೆ ಏನ್ಮಾಡೋದು? ನಂಗೆ ಬೇಕಾಗಿದ್ದು ಬೆಟ್ಟ ಅಲ್ಲ, ಆ ವ್ಯಾನು.”

ನೆಡ್ರಾ ಮೆಲ್ಲಗೆ, “ಇವತ್ತು ಶನಿವಾರ. ಬೆಟ್ಟದಲ್ಲಿ ಆಸ್ಪೆನ್ ಮರದೆಲೆ ಹಳದಿಯಾಗಿದ್ಯಂತೆ. ಈ ವಾರ ಕರ್ಕೊಂಡು ಹೋಗ್ತೀನಿ ಅಂದಿದ್ರು ನಿಮ್ಮಪ್ಪ,” ಅಂದಳು.

ಮೂವರೂ ಮರ್ಲೀನಳ ಕಡೆ ನೋಡಿದರು, ನೋಡಿ ಬೇರೆ ಕಡೆ ತಿರುಗಿದರು. ಈಗ ವ್ಯಾನಿನ ಬೀಗದಕೈ ಇರುವುದು ಅವಳ ಬಳಿ. ಇವರಲ್ಲಿ ಯಾರೂ ಗಾಡಿ ಓಡಿಸುವ ಸ್ಥಿತಿಯಲ್ಲಿಲ್ಲ. ಶನಿವಾರ ಶನಿವಾರ ಪೂರ್ತಿ ಟಿಕೆಟ್ ಕೊಡುವಷ್ಟು ಪಾರ್ಲರು ಗಳಿಸುವುದಿಲ್ಲ. ಅರವತ್ತೆರಡು ಅವಳಿಗಿನ್ನೂ ದೂರವಿದೆ. ತನ್ನದೇ ಪಾಸು ಬೇಕೆಂದರೆ ಉಳಿದಿದ್ದು ಒಂದೇ ದಾರಿ, ಅದೇನೆಂದು ಅವಳಿಗೆ ಗೊತ್ತಿತ್ತು. ಹಿಮ ಬಿದ್ದ ರಸ್ತೆಯಲ್ಲಿ ಕಾರು ಜಾರಿ ಎಡಗಾಲು ಮಂಡಿಯಿಂದ ಕೆಳಗೆ ತುಂಡಾಗಿ ಹೋದಂದಿನಿಂದ ಆ ದಾರಿಗೆ ಬೆನ್ನು ಹಾಕಿಯೇ ನಡೆದಿದ್ದಳು.

“ಸ್ಯಾಂಡ್‌ವಿಚ್‌ಗೆ ಬ್ರೆಡ್ ಇದ್ಯಾ?” ಅಂತ ಕೇಳಿದಳು ಮರ್ಲೀನ್.

* * *

ಕಾಲು ಹೋದ ಮೇಲೆ ಪತ್ರ ಬರೆದುಕೊಟ್ಟದ್ದು ಡಾಕ್ಟರು. ಅಂಗವಿಕಲರಿಗೆ ಪಾಸು ಉಚಿತ, ವಯಸ್ಸಿನ ಹಂಗಿಲ್ಲ, ಜೀವನಪೂರ್ತಿ ನಡೆಯುತ್ತದೆ, ಡಾಕ್ಟರ ಒಂದು ಪತ್ರ ಇದ್ದರೆ ಸಾಕು ಎಂದು ಲವಾರ್ ಎಲ್ಲ ವಿಚಾರಿಸಿಕೊಂಡು ಬಂದಿದ್ದ. ಆಸ್ಪತ್ರೆಯ ಅಂಗಳದಲ್ಲಿ ನಿಂತ ವ್ಯಾನಿನೊಳಗೆ ಮರ್ಲೀನ್ ಅದನ್ನು ಓದಿದಳು. ಒಂದೇ ಸಾಲು. ಅದರಲ್ಲಿ ‘ಶಾಶ್ವತ’ ಎಂಬ ಪದವಿತ್ತು.

“ನಾನು ಇಡೀ ದಿನ ನಿಂತೇ ಕೆಲಸ ಮಾಡ್ತೀನಪ್ಪ. ಊರಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ.”

“ಎಲ್ಲರಿಗೂ ಗೊತ್ತು ಮಗಳೇ. ನೀನು ಹೇಳಲ್ಲ ಅಂತ ಅವ್ರೂ ಹೇಳಲ್ಲ.”

“ಆ ಕಿಟಕೀಲಿ ನಿಂತು, ನೋಡಿ ನಾನು ಹೀಗೆ, ಲಂಗ ಎತ್ತಿ ತೋರಿಸ್ಲಾ ಅಂತ ಕೇಳ್ಲಾ? ನಂಗೆ ಯಾರ ಭಿಕ್ಷೆನೂ ಬೇಡ.”

ಲವಾರ್ ವಾದ ಮಾಡಲಿಲ್ಲ. ಪತ್ರವನ್ನು ಮಡಿಸಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟ. “ಸರಿ. ನನ್ನ ಪಾಸು ಇರೋವರೆಗೂ ನೀನು ಸಾಮಾನು,” ಅಂದ. ಅವಳಿಗೆ ಸಿಟ್ಟಿನಲ್ಲೂ ನಗು ಬಂತು.

ಮತ್ತೆ ಆ ಮಾತೆತ್ತಲಿಲ್ಲ. ಟೈರಿನ ಗಾಳಿ ನೋಡುವ ಗೇಜಿಗಾಗಿ ಖಾನೆಗೆ ಕೈ ಹಾಕಿದಾಗೆಲ್ಲ ಮೊದಲು ಆ ಪತ್ರವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಎಲ್ಲಕ್ಕಿಂತ ಮೇಲೆ ಇಡುತ್ತಿದ್ದ. ಮರ್ಲೀನ್ ನೋಡಿಯೂ ನೋಡದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು.

* * *

ಗೇಟಿನ ಕಿಟಕಿಯಲ್ಲಿ ಬಿಗೇಯೇ ಇದ್ದ. ಅವನ ಕೂದಲೂ ಈಗ ಪೂರ್ತಿ ಬೆಳ್ಳಗಾಗಿತ್ತು. ಲವಾರನ ವ್ಯಾನು ಬಂದು ನಿಂತದ್ದನ್ನೂ ಚಾಲಕನ ಸೀಟಿನಲ್ಲಿ ಮರ್ಲೀನ್ ಕೂತಿದ್ದನ್ನೂ ನೋಡಿ ಟೋಪಿ ತೆಗೆದ.

“ಸುದ್ದಿ ಕೇಳಿದೆ. ಡ್ಯೂಟಿ ಇತ್ತು, ಮಣ್ಣಿಗೆ ಬರೋಕ್ಕಾಗ್ಲಿಲ್ಲ.” ಅವನ ಕಣ್ಣು ಕನ್ನಡಿಗೆ ನೇತುಬಿದ್ದಿದ್ದ ಖಾಲಿ ಪ್ಲಾಸ್ಟಿಕ್ ಚೀಲದ ಕಡೆ ಹೋಯಿತು. “ಪಾಸು?”

“ಅವನ ಜೊತೇಲೇ ಹೋಯ್ತು,” ಅಂದಳು ವೊಂಡಾ ಹಿಂದಿನಿಂದ. “ಅಲ್ಲಿ ನಿಮ್ಮಂಥೋರು ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ.”

ಬಿಗೇ ಕೆಳಗೆ ನೋಡಿ ನಕ್ಕ. ಆಮೇಲೆ ಕೈ ಬೀಸಿದ. “ಹೋಗಿ. ಇವತ್ತು ನಾನೇನೂ ನೋಡ್ಲಿಲ್ಲ. ಅವ್ರ ಲೆಕ್ಕಕ್ಕೆ ಬರ್ಕೊಳ್ತೀನಿ.”

“ದೇವ್ರು ಒಳ್ಳೇದು ಮಾಡ್ಲಿ,” ಅಂದಳು ನೆಡ್ರಾ.

“ಮುಂದಿನ ಸಲಕ್ಕೆ ನಾನೊಂದು ಮಾಡಿಸ್ತೀನಿ ಬಿಡು,” ಅಂದಳು ವೊಂಡಾ. “ಬದುಕಿದ್ರೆ.”

ಮರ್ಲೀನ್ ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಒಳಗೆ ಹೋಗಬಹುದಿತ್ತು, ಯಾರೂ ತಡೆದಿರಲಿಲ್ಲ. ಇವತ್ತು ಅಪ್ಪನ ಹೆಸರಲ್ಲಿ, ಆಮೇಲೆ ವೊಂಡಾ ಅತ್ತೆಯ ಪಾಸಿನಲ್ಲಿ, ಆಕೆಯೂ ಹೋದ ಮೇಲೆ ಇನ್ಯಾರದೋ ಪಾಸಿನಲ್ಲಿ ಹೀಗೇ ಕಳೆಯಬಹುದಿತ್ತು. ಕನ್ನಡಿಯಲ್ಲಿ ಮೂರು ನೆರೆತ ತಲೆಗಳು ಕಂಡವು. ಅವುಗಳಲ್ಲಿ ಎರಡನ್ನು ಸೆಟ್ ಮಾಡಿದ್ದು ತಾನೇ. ಈ ವ್ಯಾನು ಇವರಿಗೆ ಏನು ಎಂದು ಬೆಳಿಗ್ಗೆಯಿಂದ ಊರೇ ಅವಳ ಕಿವಿಯಲ್ಲಿ ಹೇಳಿತ್ತು. ಭಿಕ್ಷೆ ಎಂದು ತಾನು ದೂರ ತಳ್ಳಿದ್ದು ಅಪ್ಪನ ಕೈಯಲ್ಲಿ ಇಷ್ಟು ವರ್ಷ ಊರಿಗೆಲ್ಲ ಊಟದ ಹಾಗೆ ಹಂಚಿಹೋಗಿತ್ತು.

ಬಗ್ಗಿ ಖಾನೆ ತೆರೆದಳು. ಪತ್ರ ಎಲ್ಲಕ್ಕಿಂತ ಮೇಲೆಯೇ ಇತ್ತು.

“ನಂದೊಂದು ಮಾಡ್ಕೊಡಿ,” ಎಂದು ಲೈಸೆನ್ಸಿನ ಜೊತೆ ಅದನ್ನು ಕಿಟಕಿಯಿಂದ ಚಾಚಿದಳು.

ಬಿಗೇ ಪತ್ರ ಬಿಡಿಸಿದ, ಓದಿದ, ಲೈಸೆನ್ಸಿನ ಫೋಟೋ ನೋಡಿ ಅವಳ ಮುಖ ನೋಡಿದ. ಅವಳು ಕಾಯುತ್ತಿದ್ದ ಪ್ರಶ್ನೆ ಬರಲೇ ಇಲ್ಲ. ಏನಾಗಿದೆ, ಎಲ್ಲಿ, ಯಾವಾಗಿನಿಂದ, ಒಂದನ್ನೂ ಅವನು ಕೇಳಲಿಲ್ಲ. ಪತ್ರವನ್ನು ಹೇಗಿತ್ತೋ ಹಾಗೇ ಮಡಿಸಿ, ಹೊಸ ಪಾಸು ಮತ್ತು ಪೆನ್ನಿನ ಜೊತೆ ವಾಪಸ್ಸು ಕೊಟ್ಟ.

“ಹಿಂದುಗಡೆ ಸಹಿ ಹಾಕಿ.”

ಇಷ್ಟಕ್ಕೇ ಇಷ್ಟು ವರ್ಷ ಹೆದರಿದೆನೇ ಎಂದು ಅವಳಿಗೆ ಅಳು ಬಂತು. ಅತ್ತಳು ಕೂಡ, ಸ್ಟೀರಿಂಗಿನ ಮೇಲೆ ಹಣೆ ಇಟ್ಟು. ವೊಂಡಾ ಹಿಂದಿನಿಂದ ಅವಳ ಭುಜ ತಟ್ಟುತ್ತ ಕೂತಳು. ಬಿಗೇ ಹಿಂದೆ ನಿಂತ ಕಾರಿನವರಿಗೆ ಸ್ವಲ್ಪ ತಡೆಯಿರಿ ಎಂದು ಕೈ ತೋರಿಸಿದ.

ಆಮೇಲೆ ಸಹಿ ಹಾಕಿ, ಕನ್ನಡಿಯ ಖಾಲಿ ಚೀಲದೊಳಗೆ ಪಾಸು ತೂರಿಸಿದಳು. ಬಿಗೇ ಟೋಪಿ ಹಾಕಿಕೊಂಡು ಕಿಟಕಿಗೆ ಬಗ್ಗಿದ.

“ಎಷ್ಟು ಜನ?”

ಮರ್ಲೀನ್ ಮೂಗು ಒರೆಸಿಕೊಂಡಳು. “ನಾನೊಬ್ಳೇ. ಉಳಿದದ್ದೆಲ್ಲ ಸಾಮಾನು.”

“ಸಾಮಾನು ಹಳೇದಾಯ್ತು,” ಅಂದ ಬಿಗೇ. “ನಿಧಾನ ಓಡಿಸಿ.”

ಕಣಿವೆಯ ಅಂಚಿನಲ್ಲಿ ಲವಾರ್ ಯಾವಾಗಲೂ ನಿಲ್ಲಿಸುತ್ತಿದ್ದ ಜಾಗದಲ್ಲೇ ವ್ಯಾನು ನಿಂತಿತು. ಆಸ್ಪೆನ್ ಮರಗಳು ಬುಡದಿಂದ ತುದಿಯವರೆಗೆ ಹಳದಿಯಾಗಿದ್ದವು. ಬೆಂಚಿನ ಮೇಲೆ ನಾಲ್ವರೂ ಒತ್ತಿಕೊಂಡು ಕೂತರು. ನೆಡ್ರಾ ಟ್ಯೂನಾ ಸ್ಯಾಂಡ್‌ವಿಚ್ ಹಂಚಿದಳು. ಎಲ್ಡೆನ್ ಕಚ್ಚಿ ನೋಡಿ, ಉಪ್ಪಿನಕಾಯಿ ಸಾಲದು ಅಂದ. ಬೆಳಗಿನಿಂದ ನಿಂತು ಮರ್ಲೀನಳ ತುಂಡುಗಾಲಿನ ತುದಿ ಉರಿಯುತ್ತಿತ್ತು. ಅವಳು ಲಂಗ ಸರಿಸಿ, ಕೃತಕ ಕಾಲಿನ ಪಟ್ಟಿ ಸಡಿಲಿಸಿದಳು. ಯಾರೂ ತಿರುಗಿ ನೋಡಲಿಲ್ಲ. ವೊಂಡಾ ಮಾತ್ರ ಮರಗಳ ಮೇಲಿಂದ ಕಣ್ಣು ತೆಗೆಯದೆ ಕೈ ಚಾಚಿ, “ಕೊಡಿಲ್ಲಿ,” ಅಂದಳು.

ಬೇಲಿಗೆ ಮೂರು ಊರುಗೋಲುಗಳು ಒರಗಿದ್ದವು. ವೊಂಡಾ ಅವುಗಳ ಪಕ್ಕಕ್ಕೆ, ಕಾಲುಚೀಲ ಮತ್ತು ಸಾವಿನ ಮನೆಗೆಂದು ಪಾಲಿಶ್ ಮಾಡಿದ ಕಪ್ಪು ಬೂಟಿನ ಸಮೇತ, ಮರ್ಲೀನಳ ಕಾಲನ್ನು ಒರಗಿಸಿ ನಿಲ್ಲಿಸಿದಳು.