ಜೋಡಿಯವಳ ಸಹಿ

"ಇಲ್ಲಿ ನಿಮ್ಮದೊಂದು ಸಹಿ ಬೇಕಮ್ಮ," ಎಂದು ಮೇಲ್ವಿಚಾರಕಿ ಹಾಳೆಯನ್ನು ಮೇಜಿನ ಮೇಲಿಟ್ಟಾಗ ಹಿರಿಯ ಓರಗಿತ್ತಿ ಅದು ತನ್ನದೇ ಅರ್ಜಿ ಎಂದುಕೊಂಡಳು. ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ಪ್ರಾರ್ಥನೆಗೆಂದು ದಿನಕ್ಕೆ ಹದಿನೈದು ನಿಮಿಷ ಬಿಡುವು ಬೇಕಾದವರು ವರ್ಷಕ್ಕೊಮ್ಮೆ ಅರ್ಜಿ ಬರೆದುಕೊಡಬೇಕು. ಬೆಡ್‌ಶೀಟು ಮಡಿಸುವುದು ಇಬ್ಬರ ಕೆಲಸ. ಅಷ್ಟು ಹೊತ್ತು ನಾನೊಬ್ಬಳೇ ನಿಭಾಯಿಸುತ್ತೇನೆ ಅಂತ ಜೋಡಿಯವಳು ಸಹಿ ಹಾಕಬೇಕು. ಓದಿ ನೋಡಿದರೆ ಅರ್ಜಿ ಅವಳ ಜೋಡಿ, ಕಿರಿಯ ಓರಗಿತ್ತಿಯದು! ಕಾರಣ ಎಂಬ ಕಡೆ ದುಂಡಗೆ ಬರೆದಿದ್ದಳು: 'ನಾನು ದೇವರನ್ನು ನಂಬುವುದಿಲ್ಲ. ನನಗೂ ಹದಿನೈದು ನಿಮಿಷ ಬೇಕು.'

ನಂಬುವವರಿಗೆ ಕೊಟ್ಟದ್ದನ್ನು ನಂಬದವರಿಗೆ ಇಲ್ಲ ಅನ್ನೋಕೆ ಆಗಲ್ಲ ಅಂತ ಆಫೀಸಿನವರು ಒಪ್ಪಿದ್ದಾರಂತೆ. ಜೋಡಿಯವಳ ಸಹಿಯೊಂದೇ ಬಾಕಿ. ಇವತ್ತು ಕೆಲಸ ಮುಗಿಯುವುದರೊಳಗೆ ಹಾಕದಿದ್ದರೆ ಈ ವರ್ಷಕ್ಕೆ ಇಲ್ಲ ಎಂದು ಹೇಳಿ ಮೇಲ್ವಿಚಾರಕಿ ಹೋದಳು.

ಹಿರಿಯಳಿಗೆ ಮೈಯೆಲ್ಲ ಉರಿದುಹೋಯಿತು. ಈ ಉರಿ ಇವತ್ತಿನದಲ್ಲ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆ ಸೇರಿದವರು ಇಬ್ಬರೂ. ಒಂದೇ ಮೇಜಿನ ಎರಡು ತುದಿಗೆ ನಿಂತು ಒಂಬತ್ತು ವರ್ಷ. ಉಪವಾಸ, ಹರಕೆ, ಕೈಮುಗಿಯುವುದು ಎಲ್ಲ ಇವಳ ಪಾಲಿಗೆ. ಸುಖವೆಲ್ಲ ಅವಳ ಪಾಲಿಗೆ. ಇವಳ ಗಂಡ ಮನೆಗೆ ಬಂದರೆ ಮುಖ ಗಂಟು ಹಾಕಿಕೊಂಡೇ ಇರುತ್ತಾನೆ, ಅವಳ ಗಂಡ ಹೆಂಡತಿ ಮಾತಿಗೆ ಬಿದ್ದು ಬಿದ್ದು ನಗುತ್ತಾನೆ. ಇವಳ ಮಗ ಎರಡು ಸಲ ಫೇಲು, ಅವಳ ಮಗಳು ಪ್ರತಿಸಲವೂ ಮೊದಲು. ಹೋಗಲಿ, ದಿನವಿಡೀ ದೇವರ ಜಪ ಮಾಡುವ ಅತ್ತೆಗಾದರೂ ಬುದ್ಧಿ ಬೇಡವೇ? ಹಾಸಿಗೆ ಹಿಡಿದ ಮುದುಕಿಗೆ ತಲೆ ಬಾಚಲು ಹಿರಿಸೊಸೆ ಬಾಚಣಿಗೆ ತೆಗೆದುಕೊಂಡರೆ, "ಚಿಕ್ಕವಳು ಬರಲಿ ಬಿಡು, ಅವಳ ಕೈ ಹಗುರ," ಅನ್ನುತ್ತದೆ. ಏನನ್ನೂ ಬೇಡದವಳಿಗೆ ಎಲ್ಲವೂ! ಈಗ ಆ ಹದಿನೈದು ನಿಮಿಷವೂ ಬೇಕಂತೆ.

ಕಿರಿಯಳು ಎದುರು ತುದಿಯಲ್ಲಿ ನಿಂತು ಬೆಡ್‌ಶೀಟಿನ ಮೂಲೆ ಹುಡುಕುತ್ತಿದ್ದಳು.

"ನಾನು ಹೋಗೋದು ದೇವರ ಹತ್ತಿರ," ಎಂದಳು ಹಿರಿಯಳು. "ನೀನು ಯಾರ ಹತ್ತಿರ ಹೋಗ್ತೀಯ?"

"ಯಾರ ಹತ್ತಿರಾನೂ ಇಲ್ಲ ಅಕ್ಕ."

"ಮತ್ತೆ ಏನ್ ಮಾಡ್ತೀಯ? ಅದನ್ನ ಹೇಳು, ಈಗಲೇ ಸಹಿ ಹಾಕ್ತೀನಿ."

ಕಿರಿಯಳು ಮೂಲೆಗೆ ಮೂಲೆ ಸೇರಿಸಿ, ಮಡಿಕೆಯ ಮೇಲೆ ಅಂಗೈ ಎಳೆದಳು. ದನಿ ಏರಿಸಲಿಲ್ಲ.

"ವರ್ಷಾ ವರ್ಷಾ ನಿಮ್ಮ ಕಾಗದಕ್ಕೆ ನಾನು ಸಹಿ ಹಾಕಿದ್ದೀನಿ. ಒಳಗೆ ಹೋಗಿ ಏನು ಬೇಡ್ಕೊಳ್ತೀರ ಅಂತ ಒಂದು ದಿನ ಕೇಳಿದ್ನಾ ಅಕ್ಕ?"

ಅಷ್ಟರಲ್ಲಿ ಮೂರು ಗಂಟೆಯಾಯಿತು. ಹಿರಿಯಳು ಕೈ ಒರೆಸಿಕೊಂಡು ಪ್ರಾರ್ಥನೆಯ ಕೋಣೆಗೆ ನಡೆದಳು. ಹೆಸರಿಗೆ ಕೋಣೆ, ಸೋಪಿನ ಪುಡಿಯ ಚೀಲಗಳನ್ನು ಒಂದು ಬದಿಗೆ ಒತ್ತರಿಸಿ ಚಾಪೆ ಹಾಸಿದ ಜಾಗ. ಕಣ್ಣು ಮುಚ್ಚಿದಳು. ಮಾತು ತಾನಾಗಿ ತುಟಿಗೆ ಬಂತು, ವರ್ಷಗಟ್ಟಲೆ ಹೇಳಿ ಸವೆದ ಮಾತು: ಅವಳಿಗೂ ಒಂದು ಕಷ್ಟ ಕೊಡು ದೇವರೇ. ದೊಡ್ಡದು ಬೇಡ. ನಗು ನಿಲ್ಲುವಷ್ಟು ಸಾಕು. ಆಗ ಅವಳೂ ನಿನ್ನ ಹತ್ತಿರ ಬರುತ್ತಾಳೆ.

ಇಷ್ಟು ವರ್ಷ ಅದನ್ನು ಅವಳು ಭಕ್ತಿ ಎಂದೇ ತಿಳಿದಿದ್ದಳು. ಗೋಡೆಯಾಚೆ ಕಿರಿಯಳು ಒಂಟಿಯಾಗಿ ಶೀಟು ಕೊಡವುವ ಸದ್ದು ಪಟಪಟ ಕೇಳಿಸುತ್ತಿತ್ತು. ಇದನ್ನು ಬೇಡಿಕೊಳ್ಳಲೆಂದು ಅವಳೇ ತನಗೆ ಬಿಡುವು ಮಾಡಿಕೊಟ್ಟಿದ್ದಾಳೆ ಎಂಬುದು ಹೊಳೆದಾಗ ಹಿರಿಯಳಿಗೆ ತನ್ನ ಮೇಲೇ ಅಸಹ್ಯವಾಯಿತು. ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಹಾಳೆಗೆ ಸಹಿ ಗೀಚಿದಳು. ದೊಡ್ಡ ಮನಸ್ಸೇನಲ್ಲ ಅದು. ಒಳಗೆ ಏನು ಬೇಡ್ಕೊಳ್ತೀರ ಎಂಬ ಪ್ರಶ್ನೆ ಇನ್ನೊಂದು ಸಲ ಬಂದೀತೆಂಬ ಹೆದರಿಕೆ.

ಹೊಟ್ಟೆಕಿಚ್ಚು ಒಂದು ಸಹಿಗೆ ಆರುತ್ತದೆಯೇ? ಮರುದಿನ ಮೂರೂಕಾಲಿಗೆ ಕಿರಿಯಳು ಹಿಂಬಾಗಿಲಿನಿಂದ ಹೊರಗೆ ಹೋದದ್ದೇ ತಡ, ಹಿರಿಯಳ ಕಾಲು ನಿಲ್ಲಲಿಲ್ಲ. ನಿದ್ದೆ ಹೊಡೆಯುತ್ತಾಳೋ, ಗಂಡನ ಜೊತೆ ಫೋನಿನಲ್ಲಿ ಕಿಸಕಿಸ ನಗುತ್ತಾಳೋ, ನೋಡಿಯೇಬಿಡೋಣ ಎಂದು ಬಾಗಿಲ ಸಂದಿಗೆ ಕಣ್ಣಿಟ್ಟಳು.

ಕಿರಿಯಳು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಸದ್ದಿಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು, ನಡುನಡುವೆ ಕೈಗಡಿಯಾರ ನೋಡಿಕೊಂಡು. ಹೊಸದಾಗಿ ಅಳುವವರು ಹಾಗೆ ಅಳುವುದಿಲ್ಲ.

ಮೊದಲು ಬಂದದ್ದು ಸಂತೋಷವೇ. ಸುಳ್ಳು ಹೇಳಿ ಏನು ಪ್ರಯೋಜನ? ಕೇಳಿದ್ದು ಸಿಕ್ಕಿತು ಅನ್ನಿಸಿತು. ಮರುಕ್ಷಣವೇ ಆ ಸಂತೋಷ ಇಂಗಿಹೋಯಿತು. ಯಾವಾಗಿನಿಂದ? ಯಾತಕ್ಕೆ? ಅದೇ ಮನೆ, ಅದೇ ಮೇಜು, ತನಗೆ ಒಂದು ದಿನವೂ ಕಾಣಲಿಲ್ಲವಲ್ಲ. ಅವಳು ಕಳ್ಳಿಯ ಹಾಗೆ ಹಿಂದೆ ಸರಿದು ಬಂದು ಮೇಜು ಹಿಡಿದು ನಿಂತಳು.

ನಲ್ಲಿಯಲ್ಲಿ ನೀರು ಬಿಟ್ಟ ಸದ್ದಾಯಿತು. ಮುಖ ತೊಳೆದುಕೊಂಡು, ಎಂದಿನ ನಗು ಮುಖಕ್ಕೆ ತಂದುಕೊಂಡು ಕಿರಿಯಳು ಒಳಗೆ ಬಂದು ಶೀಟಿಗೆ ಕೈ ಚಾಚಿದಳು. ಕೇಳಬೇಕಾದದ್ದೆಲ್ಲ ಹಿರಿಯಳ ನಾಲಗೆ ತುದಿಗೆ ಬಂತು. ಅವಳು ಗೋಡೆಯ ಗಡಿಯಾರ ನೋಡಿದಳು.

"ಇನ್ನೂ ನಾಲ್ಕು ನಿಮಿಷ ಇದೆ," ಎಂದಳು. "ಅದೂ ನಿಂದೇ. ಹೋಗು."

ಕಿರಿಯಳು ಒಂದು ಗಳಿಗೆ ಅವಳನ್ನೇ ನೋಡಿದಳು, ಆಮೇಲೆ ಮೆಲ್ಲಗೆ ತಿರುಗಿ ಹೋದಳು. ಹಿರಿಯಳು ಹಿಂಬಾಗಿಲಿಗೆ ಬೆನ್ನು ಮಾಡಿ ನಿಂತು ಮುಂದಿನ ಶೀಟು ಎತ್ತಿಕೊಂಡಳು.